ಲಾರಿ ಬ್ಲೇಡಿನ ಕಥೆ: ಜಟಕಾ ಗಾಡಿಯಿಂದ ಮಾವನ ಬೆಡ್‌ಫೋರ್ಡ್‌ವರೆಗೆ

ಈ ಸಲ ಶಾಸನವೂ ಇಲ್ಲ, ಪಾಳೆಯಗಾರರೂ ಇಲ್ಲ. ಕಬ್ಬಿಣದ ಒಂದು ಪಟ್ಟಿಯ ಚರಿತ್ರೆ. ಹೋದ ತಿಂಗಳು ಎಂಟನೇ ತರಗತಿಯ ಹುಡುಗನೊಬ್ಬ ಚೀಲದಲ್ಲಿ ಪುಸ್ತಕದ ಜೊತೆ ಒಂದು ಮೊಳ ಉದ್ದದ, ತುಕ್ಕು ಹಿಡಿದ, ಸ್ವಲ್ಪ ಬಾಗಿದ ಪಟ್ಟಿ ತಂದಿದ್ದ. ಅವರಪ್ಪನದು ಬೈಪಾಸ್ ಬದಿಯಲ್ಲಿ ಪಂಕ್ಚರ್ ಅಂಗಡಿ. ಹುಡುಗ ಅದನ್ನು ನನ್ನ ಮೇಜಿನ ಮೇಲೆ ಧಡ್ ಅಂತ ಇಟ್ಟು ಕೇಳಿದ: "ಸಾರ್, ಲಾರಿಗೆ ಇಂಥವು ಹತ್ತು ಹನ್ನೊಂದು ಯಾಕೆ ಹಾಕ್ತಾರೆ? ಒಂದೇ ದಪ್ಪದ್ದು ಹಾಕಿದ್ರೆ ಆಗಲ್ವಾ?"

ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇಷ್ಟು ಒಳ್ಳೆಯ ಪ್ರಶ್ನೆ ಅಪರೂಪ. ಅದೂ ಅಲ್ಲದೆ ಆ ಪಟ್ಟಿ ನೋಡಿದ ಕೂಡಲೇ ನನಗೆ ನಮ್ಮ ಸೋದರಮಾವ ನೆನಪಾದರು. ಆ ವಿಷಯ ಆಮೇಲೆ ಹೇಳುತ್ತೇನೆ.

ಮೊದಲು ಹೆಸರು. ನಮ್ಮ ಹೊಸೂರು ಕಡೆ ಇದಕ್ಕೆ ಬ್ಲೇಡು ಅನ್ನುತ್ತಾರೆ. "ಬ್ಲೇಡ್ ಕಟ್ಟಾಯ್ತು" ಅಂದರೆ ಲಾರಿ ರಸ್ತೆ ಬದಿಗೆ ನಿಂತಿತು ಅಂತಲೇ ಅರ್ಥ. ತಮಿಳು ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಪಟ್ಟೈ. ವಿಜಯಪುರ, ಸೊಲ್ಲಾಪುರದ ಕಡೆಯವರು ಪಾಟಾ ಅನ್ನುತ್ತಾರೆ. ಆ ಕಡೆಯ ಪತ್ರಿಕೆಗಳಲ್ಲಿ "ಪಾಟಾ ಕಟ್ ಆಗಿ ಬಸ್ ಪಲ್ಟಿ" ಅಂತ ಸುದ್ದಿ ಬರುವುದನ್ನು ನೀವೂ ಓದಿರುತ್ತೀರಿ. ಎಲ್ಲ ಪಟ್ಟಿಗಳನ್ನೂ ಸೇರಿಸಿ ಕಟ್ಟಿದ್ದಕ್ಕೆ ಹಳಬರು ಕಮಾನು ಅನ್ನುತ್ತಿದ್ದರು. ಬಿಲ್ಲಿನ ಹಾಗೆ ಬಾಗಿರುವುದರಿಂದ ಬಂದ ಹೆಸರು. ನನಗೆ ಇದೇ ಇಷ್ಟ.

ನಮ್ಮ ಎತ್ತಿನ ಗಾಡಿಗೆ ಕಮಾನು ಇರಲಿಲ್ಲ. ಅಚ್ಚಿನ ಮೇಲೆ ನೇರವಾಗಿ ಗಾಡಿಯ ಮರ ಕೂತಿರುತ್ತಿತ್ತು. ಚಕ್ರ ಕಲ್ಲು ಹತ್ತಿದರೆ ಗಾಡಿ ಹತ್ತಿತು, ಗುಂಡಿಗೆ ಇಳಿದರೆ ಗಾಡಿ ಇಳಿಯಿತು, ಮೇಲೆ ಕೂತವರ ಸೊಂಟವೂ ಜೊತೆಗೆ! ಎತ್ತಿನ ವೇಗ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್, ಅದಕ್ಕೆ ನಡೆಯುತ್ತಿತ್ತು. ಐಐಎಂ ಬೆಂಗಳೂರಿನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಸುಧಾರಿಸಬೇಕೆಂದು ವರ್ಷಗಟ್ಟಲೆ ದುಡಿದರು. ಆದರೆ ಹಳ್ಳಿಯವರು ಒಪ್ಪಿಕೊಂಡಿದ್ದು ಮುಖ್ಯವಾಗಿ ಡನ್ಲಪ್ ಗಾಡಿ, ಅಂದರೆ ಗಾಳಿ ತುಂಬಿದ ಟೈರು. ಕಮಾನು ಬೇಕಾದದ್ದು ಕುದುರೆಗೆ. ಕುದುರೆ ಓಡುತ್ತದಲ್ಲ. ಅದಕ್ಕೇ ಜಟಕಾದ ಕೆಳಗೆ ಬಗ್ಗಿ ನೋಡಿದರೆ ನಾಲ್ಕೈದು ಪಟ್ಟಿಯ ಪುಟ್ಟ ಕಮಾನು ಕಾಣುತ್ತಿತ್ತು.

ಯೂರೋಪಿನಲ್ಲಿಯೂ ಹೀಗೇ. ಅಲ್ಲಿನ ಶ್ರೀಮಂತರ ಕೋಚು ಗಾಡಿಗಳನ್ನು ಬಹುಕಾಲ ಚರ್ಮದ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ಕೂತವರು ತೊಟ್ಟಿಲಲ್ಲಿ ಕೂತಂತೆ ತೂಗಾಡಬೇಕು. 1804ರಲ್ಲಿ ಇಂಗ್ಲೆಂಡಿನ ಒಬದಯ್ಯ ಎಲಿಯಟ್ ಎಂಬ ಗಾಡಿ ಕಟ್ಟುವವನು ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿ ನೇರವಾಗಿ ಅಚ್ಚಿನ ಮೇಲೆ ಕೂರಿಸಿ ಪೇಟೆಂಟ್ ಪಡೆದ. ಉಕ್ಕಿನ ಪಟ್ಟಿ ಅವನಿಗಿಂತ ಮೊದಲೂ ಇತ್ತು. ಕೂರಿಸಿದ ರೀತಿ ಅವನದು. ಗಾಡಿಯ ಅಡಿಗೆ ಹಾಕುತ್ತಿದ್ದ ಭಾರದ ತೊಲೆ ಅದರಿಂದ ಬೇಡವಾಯಿತು. ಶತಮಾನದ ನಂತರ, 1908ರಲ್ಲಿ, ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ಬಂದಾಗಲೂ ಮುಂದೊಂದು ಹಿಂದೊಂದು ಅಡ್ಡಡ್ಡ ಕಮಾನು. ಮೂಲ ಉಪಾಯ ಅದೇ.

ಇನ್ನು ಹುಡುಗನ ಪ್ರಶ್ನೆ. ಪಟ್ಟಿ ಯಾಕೆ ಹಲವು?

ತರಗತಿಯಲ್ಲಿ ಪ್ಲಾಸ್ಟಿಕ್ ಸ್ಕೇಲುಗಳನ್ನು ತೆಗೆಸಿದೆ. ಒಂದು ಸ್ಕೇಲನ್ನು ಮೇಜಿನ ಅಂಚಿನಿಂದ ಹೊರಗೆ ಚಾಚಿ, ತುದಿಗೆ ಜಾಮಿಟ್ರಿ ಬಾಕ್ಸ್ ತೂಗುಹಾಕಿದರೆ ಇಷ್ಟು ಬಾಗಿತು. ಅದರ ಮೇಲೆ ಇನ್ನೊಂದು ಸ್ಕೇಲನ್ನು ಸುಮ್ಮನೆ ಇಟ್ಟು ತೂಗಿದರೆ ಅದರ ಅರ್ಧ ಬಾಗಿತು. ಎರಡನ್ನೂ ಗಮ್ ಹಾಕಿ ಗಟ್ಟಿಯಾಗಿ ಅಂಟಿಸಿ ಒಂದೇ ದಪ್ಪ ಸ್ಕೇಲು ಮಾಡಿದರೆ? ಲೆಕ್ಕದ ಪ್ರಕಾರ ಎಂಟನೇ ಒಂದು ಭಾಗ ಮಾತ್ರ ಬಾಗಬೇಕು. ದಪ್ಪ ಎರಡರಷ್ಟಾದರೆ ಬಿಗಿ ಎರಡರ ಘನದಷ್ಟು, ಅಂದರೆ ಎಂಟು ಪಟ್ಟು. ನಮ್ಮ ಗಮ್ ಅಷ್ಟು ಚೆನ್ನಾಗಿರಲಿಲ್ಲ, ಆದರೂ ವ್ಯತ್ಯಾಸ ಮಕ್ಕಳ ಕಣ್ಣಿಗೆ ಕಂಡಿತು. ಭಾರ ಹೆಚ್ಚಿದಷ್ಟೂ ಅದೇ ಪ್ರಮಾಣದಲ್ಲಿ ಸ್ಪ್ರಿಂಗು ಬಾಗುತ್ತದೆ ಎಂಬ ನಿಯಮವನ್ನು ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ. ಎರಡು ವರ್ಷ ಮೊದಲು ಅದನ್ನೇ ಅಕ್ಷರ ಕಲಸಿದ ಒಗಟಾಗಿ ಅಚ್ಚು ಮಾಡಿಸಿಟ್ಟಿದ್ದ, ಬೇರೆಯವರು ಕದಿಯದಿರಲಿ ಅಂತ. ಪರೀಕ್ಷೆಯಲ್ಲಿ ಕೈ ಅಡ್ಡ ಇಟ್ಟುಕೊಂಡು ಬರೆಯುವ ಹುಡುಗರ ಜಾತಿ!

ಒಂದೇ ದಪ್ಪ ಪಟ್ಟಿ ಹಾಕಿದರೆ ಭಾರ ತಡೆಯುತ್ತದೆ, ಆದರೆ ಬಾಗುವುದಿಲ್ಲ. ಬಲವಂತವಾಗಿ ಬಾಗಿಸಿದರೆ ಅದರ ಮೇಲ್ಮೈ ಹೆಚ್ಚು ಎಳೆತಕ್ಕೆ ಸಿಕ್ಕಿ ಸೀಳುತ್ತದೆ. ತೆಳು ಪಟ್ಟಿಗಳು ಹಲವಾದರೆ ಭಾರವನ್ನೂ ಹೊರುತ್ತವೆ, ಬಾಗುತ್ತವೆ ಕೂಡ. ಅದರ ಜೊತೆಗೆ ಬಾಗುವಾಗ ಒಂದಕ್ಕೊಂದು ಉಜ್ಜುತ್ತವೆ. ಆ ಉಜ್ಜಾಟವೇ ಲಾರಿಯ ಕುಣಿತವನ್ನು ಬೇಗ ನಿಲ್ಲಿಸುತ್ತದೆ. ಹುಡುಗನಿಗೆ ಅರ್ಧ ಉತ್ತರ ಸಿಕ್ಕಿತು. ಉಳಿದರ್ಧಕ್ಕೆ ಮಾವನ ಲಾರಿ ಬೇಕು.

ಎರಡನೇ ಮಹಾಯುದ್ಧ ಮುಗಿದ ಮೇಲೆ ನಮ್ಮ ದೇಶದಲ್ಲಿ ಅಮೆರಿಕದ ಸೈನ್ಯ ಬಿಟ್ಟುಹೋದ ಲಾರಿಗಳನ್ನು ಡಿಸ್ಪೋಸಲ್‌ನಲ್ಲಿ ಮಾರಿದರು. ಷೆವರ್ಲೆ, ಫೋರ್ಡ್, ಡಾಜ್, ಜಿಎಂಸಿ. ನಮ್ಮ ಅಜ್ಜಂದಿರ ಕಾಲದ ಬಸ್ಸು ಲಾರಿ ಮಾಲೀಕರಲ್ಲಿ ಬಹಳ ಜನ ಹಾಗೆ ಶುರು ಮಾಡಿದವರು. 1953ರಲ್ಲಿ ಸುಂಕ ಆಯೋಗದ ಶಿಫಾರಸಿನ ಮೇಲೆ, ಇಲ್ಲಿಯೇ ಪೂರ್ತಿ ತಯಾರಿಸುವ ಯೋಜನೆ ಇಲ್ಲದ ಕಂಪನಿಗಳು ಬೇಡ ಎಂದು ಸರ್ಕಾರ ತೀರ್ಮಾನಿಸಿತು. ಬರೀ ಬಿಡಿಭಾಗ ತಂದು ಜೋಡಿಸುತ್ತಿದ್ದ ಜನರಲ್ ಮೋಟರ್ಸ್, ಫೋರ್ಡ್ ಬಾಗಿಲು ಹಾಕಿಕೊಂಡು ಹೋದವು. ರಸ್ತೆಯ ಮೇಲಿದ್ದ ಅವುಗಳ ಲಾರಿಗಳು ಎಲ್ಲಿಗೆ ಹೋಗಬೇಕು? ಇಲ್ಲಿಯೇ ಓಡಬೇಕು. ಕಂಪನಿಯ ಸಾಮಾನು ಸಿಗದಿದ್ದಾಗ ಬ್ಲೇಡು, ಬುಷ್, ಪಿನ್ನು ಎಲ್ಲವನ್ನೂ ಕುಲುಮೆಯಲ್ಲಿ, ಲೇತ್‌ನಲ್ಲಿ ಮಾಡಿಕೊಳ್ಳಬೇಕಾಯಿತು. ನಮ್ಮ ಊರುಗಳ ಗ್ಯಾರೇಜುಗಳಿಗೆ ಕೈಕಸುಬು ಬಂದದ್ದರಲ್ಲಿ ಈ ಬರಗಾಲದ ಪಾಲು ದೊಡ್ಡದು ಎಂದು ನನ್ನ ಅಭಿಪ್ರಾಯ.

ಆಮೇಲೆ ನಮ್ಮದೇ ಲಾರಿಗಳು ಬಂದವು. 1954ರಲ್ಲಿ ಟಾಟಾದವರು ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್ಷೆಡ್‌ಪುರದಿಂದ ಲಾರಿ ಹೊರಡಿಸಿದರು. 1969ರಲ್ಲಿ ಆ ಒಪ್ಪಂದ ಮುಗಿದು ಮುಂದಿನ ನಕ್ಷತ್ರ ಹೋಯಿತು, ಆದರೂ ಎಷ್ಟೋ ಜನರ ಬಾಯಲ್ಲಿ ಅದು "ಬೆಂಜ್ ಲಾರಿ"ಯಾಗಿಯೇ ಉಳಿಯಿತು. ಮದರಾಸಿನಲ್ಲಿ 1948ರಲ್ಲಿ ಆಸ್ಟಿನ್ ಕಾರು ಜೋಡಿಸಲು ಶುರುವಾದ ಅಶೋಕ್ ಮೋಟರ್ಸ್, ಲೇಲ್ಯಾಂಡ್ ಜೊತೆ ಸೇರಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ಪ್ರೀಮಿಯರ್‌ನವರ ಡಾಜ್, ಫಾರ್ಗೋ. ಹಿಂದೂಸ್ತಾನ್ ಮೋಟರ್ಸ್‌ನವರ ಬೆಡ್‌ಫೋರ್ಡ್. ನಮ್ಮ ಹೊಸೂರು ಆಗ ರಾಗಿ ಹೊಲಗಳ ಊರು. 1970ರ ದಶಕದಲ್ಲಿ ಸಿಪ್ಕಾಟ್ ಬಂತು, 1980ರಲ್ಲಿ ಅಶೋಕ್ ಲೇಲ್ಯಾಂಡ್ ಕಾರ್ಖಾನೆ ಬಂತು. ಲಾರಿಯನ್ನು ರಿಪೇರಿ ಮಾಡುತ್ತಿದ್ದ ಊರಿನಲ್ಲಿ ಲಾರಿಯನ್ನೇ ಮಾಡತೊಡಗಿದರು.

ನಮ್ಮ ಮಾವ ಕೊಂಡದ್ದು ಮಾತ್ರ ಹಳೇ ಬೆಡ್‌ಫೋರ್ಡ್. ನಾನು ಆಗ ಮೂರನೇ ಕ್ಲಾಸು. ಎರಡು ಕೈ ದಾಟಿ ಬಂದಿದ್ದ ಲಾರಿ, ಮೂತಿ ಮುಂದಕ್ಕೆ ಚಾಚಿದ್ದು. ಇಲ್ಲಿಂದ ಸೇಲಂಗೆ ಕಲ್ಲು ಚಪ್ಪಡಿ, ವಾಪಸು ಬರುವಾಗ ಸಂಕಗಿರಿಯಿಂದ ಸಿಮೆಂಟು. ಪಾಸಿಂಗ್ ಇದ್ದದ್ದಕ್ಕಿಂತ ಒಂದೂವರೆ ಪಟ್ಟು ಹೇರುವುದು ಆಗ ಮಾಮೂಲು. ಹೇರದವನಿಗೆ ಬಾಡಿಗೆಯೇ ಸಿಗುತ್ತಿರಲಿಲ್ಲ ಎಂದು ಮಾವ ಹೇಳುತ್ತಿದ್ದರು. ಹಿಂದಿನ ಕಮಾನು ನೆಟ್ಟಗೆ ಮಲಗಿ ಅಚ್ಚು ಷಾಸಿಗೆ ತಗಲುತ್ತಿತ್ತು. ಎಲ್ಲರೂ ಮಾಡಿದ್ದನ್ನೇ ಮಾವನೂ ಮಾಡಿದರು: ಒಂದೊಂದು ಕಡೆಗೂ ಹೆಚ್ಚಿಗೆ ಬ್ಲೇಡು ಹಾಕಿಸಿದರು, ಅದರಲ್ಲಿ ಒಂದು ಬೇರೆ ಲಾರಿಯ ದಪ್ಪ ಬ್ಲೇಡು.

ಆಮೇಲೆ ಲಾರಿ ಹಾಳಾಯಿತು. ಖಾಲಿ ಓಡುವಾಗ ಹಿಂಭಾಗ ಆಡಿನ ಮರಿಯ ಹಾಗೆ ನೆಗೆಯುತ್ತಿತ್ತು. ಅದಕ್ಕಿಂತ ಕೆಟ್ಟದ್ದು ಸ್ಟೇರಿಂಗು. ನೇರ ರಸ್ತೆಯಲ್ಲಿ ಕೂಡ ಲಾರಿ ಎಡಕ್ಕೆ ಬಲಕ್ಕೆ ಅಲೆಯುತ್ತಿತ್ತು. ತಿರುವಿನಲ್ಲಿ ತಿರುಗಿಸಿದ ಚಕ್ರ ತಾನಾಗಿ ವಾಪಸು ಬರುತ್ತಿರಲಿಲ್ಲ. ಬ್ಲೇಡು ಹಾಕಿದ್ದು ಹಿಂದೆ, ಕೆಟ್ಟದ್ದು ಮುಂದೆ! ಮಾವ ಸ್ಟೇರಿಂಗ್ ಬಾಕ್ಸ್ ಬಿಚ್ಚಿಸಿದರು, ಟೈರು ಬದಲಿಸಿದರು, ಗಾಡಿಗೆ ನಿಂಬೆಹಣ್ಣೂ ಕಟ್ಟಿದರು. ಉಪಯೋಗವಾಗಲಿಲ್ಲ.

ಕೊನೆಗೆ ಹೋದದ್ದು ಬಸ್ ಸ್ಟ್ಯಾಂಡ್ ಹಿಂದೆ ಸ್ಪ್ರಿಂಗ್ ಕೆಲಸ ಮಾಡುತ್ತಿದ್ದ ಒಬ್ಬ ಭಾಯ್ ಹತ್ತಿರ. ನಾನೂ ಹಠ ಹಿಡಿದು ಜೊತೆಗೆ ಹೋಗಿದ್ದೆ. ಭಾಯ್‌ಗೆ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಬರುತ್ತಿತ್ತು, ಓದಲು ಯಾವುದೂ ಬರುತ್ತಿರಲಿಲ್ಲ. ಅವರು ಲಾರಿಯ ಕೆಳಗೆ ನುಗ್ಗಲೇ ಇಲ್ಲ. ಇಪ್ಪತ್ತು ಹೆಜ್ಜೆ ದೂರ ನಿಂತು ಪಕ್ಕದಿಂದ ನೋಡಿ, "ಅಣ್ಣಾ, ನಿಮ್ ಗಾಡಿ ನಮಾಜ್ ಮಾಡ್ತಾ ಐತೆ" ಅಂದರು. ನಿಜ, ಹಿಂಭಾಗ ಎತ್ತಿ ಮೂತಿ ತಗ್ಗಿತ್ತು.

ಅದರ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಸೈಕಲ್ಲಿನ ಮುಂದಿನ ಫೋರ್ಕನ್ನು ನೋಡಿ. ಅದು ನೆಟ್ಟಗಿರುವುದಿಲ್ಲ, ಮೇಲ್ತುದಿ ಸವಾರನ ಕಡೆಗೆ ವಾಲಿರುತ್ತದೆ. ಆ ಓರೆಯಿಂದಲೇ ಚಕ್ರ ನೇರಕ್ಕೆ ಬರಲು ನೋಡುತ್ತದೆ, ಕೈ ಬಿಟ್ಟು ಓಡಿಸುವ ಹುಡುಗರ ಧೈರ್ಯಕ್ಕೂ ಅದೇ ಆಸರೆ. ಲಾರಿಯ ಮುಂದಿನ ಚಕ್ರ ತಿರುಗುವ ಕಿಂಗ್ ಪಿನ್ನಿಗೂ ಹಾಗೇ ಕೆಲವೇ ಡಿಗ್ರಿ ಓರೆ ಇರುತ್ತದೆ. ಅದಕ್ಕೆ ಕ್ಯಾಸ್ಟರ್ ಅನ್ನುತ್ತಾರೆ. ಹಿಂಭಾಗ ಮೂರು ಇಂಚು, ಅಂದರೆ 75 ಮಿಲಿಮೀಟರ್ ಎದ್ದರೆ, ನಾಲ್ಕು ಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದದ ವೀಲ್‌ಬೇಸಿನಲ್ಲಿ ಇಡೀ ಷಾಸಿ ಹೆಚ್ಚುಕಡಿಮೆ ಒಂದು ಡಿಗ್ರಿ ಮುಂದಕ್ಕೆ ಬಾಗುತ್ತದೆ. ಇದ್ದ ಎರಡು ಮೂರು ಡಿಗ್ರಿಯಲ್ಲಿ ಒಂದು ಹೋಯಿತು. ಲಾರಿ ಅಲೆಯದೆ ಇನ್ನೇನು ಮಾಡೀತು?

ಭಾಯ್ ಮೂರು ದಿನ ಕೆಲಸ ಮಾಡಿದರು. ದಪ್ಪ ಬ್ಲೇಡನ್ನು ಮೊದಲು ತೆಗೆದು ಎಸೆದರು. ಈಗ ಲೆಕ್ಕ ಹಾಕಿದರೆ ಅವರು ಎಷ್ಟು ಸರಿ ಎಂದು ಆಶ್ಚರ್ಯವಾಗುತ್ತದೆ. 8 ಮಿಲಿಮೀಟರ್ ಬ್ಲೇಡುಗಳ ನಡುವೆ 10 ಮಿಲಿಮೀಟರಿನದೊಂದು ಇಟ್ಟರೆ, ಘನ ತೆಗೆದು ನೋಡಿ, 512ಕ್ಕೆ 1000. ಒಂದೇ ಬ್ಲೇಡು ಹೆಚ್ಚುಕಡಿಮೆ ಎರಡರ ಭಾರ ತನ್ನ ಮೇಲೆ ಎಳೆದುಕೊಳ್ಳುತ್ತದೆ. ಎಲ್ಲರ ಜೊತೆ ಅಷ್ಟೇ ಬಾಗಬೇಕಾದ್ದರಿಂದ ಅದರ ಮೇಲ್ಮೈಗೆ ಬೀಳುವ ಎಳೆತ ಕಾಲು ಭಾಗ ಹೆಚ್ಚು. ಮೊದಲು ಮುರಿಯುವುದು ಅದೇ.

ಉಳಿದ ಬ್ಲೇಡುಗಳನ್ನು ಬಿಚ್ಚಿ, ತುಕ್ಕು ಕೆರೆದು, ಒಂದೊಂದನ್ನೇ ಅಡಿಗಲ್ಲಿನ ಎರಡು ಅಂಚಿನ ಮೇಲೆ ಅಡ್ಡ ಇಟ್ಟು ಸುತ್ತಿಗೆಯಿಂದ ಬಡಿದು ಬಾಗು ಕೂರಿಸಿದರು. ಬೆಂಕಿಗೆ ಹಾಕಲೇ ಇಲ್ಲ. ಯಾಕೆ ಅಂದರೆ, "ಬೆಂಕಿ ತೋರ್ಸಿದ್ರೆ ಹದ ಹೋಗ್ತದೆ, ಆಮೇಲೆ ಅದು ಬ್ಲೇಡಲ್ಲ, ತಗಡು." ಕಾರ್ಖಾನೆಯಲ್ಲಿ ಈ ಉಕ್ಕನ್ನು ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಮತ್ತೆ ಹದವಾಗಿ ಬಿಸಿ ಮಾಡಿರುತ್ತಾರೆ. ಆ ಹದ ಕುಲುಮೆಯಲ್ಲಿ ಮತ್ತೆ ಕೂರುವುದು ಕಷ್ಟ.

ನನ್ನ ಕಣ್ಣಿಗೆ ಇವತ್ತಿಗೂ ಕಟ್ಟಿರುವುದು ಅವರು ಸಂದು ನೋಡುತ್ತಿದ್ದ ರೀತಿ. ಉದ್ದದ ಬ್ಲೇಡಿನ ಕೆಳಗೆ ಅದಕ್ಕಿಂತ ಗಿಡ್ಡದನ್ನು ಹಿಡಿದರೆ ತುದಿಗಳು ಮಾತ್ರ ತಾಗಬೇಕು, ನಡುವೆ ಒಂದು ಮೊಳೆ ನುಸುಳುವಷ್ಟು ಸಂದು ಇರಬೇಕು. ಅಂದರೆ ಕೆಳಗೆ ಹೋದಷ್ಟೂ ಬ್ಲೇಡಿಗೆ ಬಾಗು ಹೆಚ್ಚು. ನಡುವಿನ ಬೋಲ್ಟು ಬಿಗಿದಾಗ ಸಂದು ಮುಚ್ಚಿಕೊಂಡು, ಗಿಡ್ಡ ಬ್ಲೇಡುಗಳು ಮೇಲಿನ ತಾಯಿ ಬ್ಲೇಡನ್ನು ಮೊದಲೇ ಹಿಂದಕ್ಕೆ ಬಾಗಿಸಿ ಹಿಡಿಯುತ್ತವೆ. ಲಾರಿಯ ಭಾರ ಬಂದಾಗ ತಾಯಿ ಬ್ಲೇಡಿಗೆ ಬೀಳುವ ಪೆಟ್ಟು ಅಷ್ಟರಮಟ್ಟಿಗೆ ಕಡಿಮೆ. ಇಂಜಿನಿಯರಿಂಗ್ ಪುಸ್ತಕದಲ್ಲಿ ಇದಕ್ಕೆ ನಿಪ್ ಎಂದು ಹೆಸರಿದೆ. ಭಾಯ್‌ಗೆ ಆ ಹೆಸರು ಗೊತ್ತಿರಲಿಲ್ಲ. "ತಾಯಿಗೆ ಮಕ್ಕಳು ಕೈ ಕೊಡಬೇಕಲ್ಲಪ್ಪ" ಅಂದಿದ್ದರು.

ಬ್ಲೇಡುಗಳ ನಡುವೆ ಗ್ರಾಫೈಟ್ ಗ್ರೀಸ್ ಹಚ್ಚಿದರು. ಷಾಕಲ್ ಬುಷ್‌ಗಳು ಸವೆದು ಮೊಟ್ಟೆಯಾಕಾರ ಆಗಿದ್ದವು. ಪಕ್ಕದ ಲೇತ್‌ನಲ್ಲಿ ಗನ್‌ಮೆಟಲ್ ಬುಷ್ ಕಡೆಸಿ ಹಾಕಿದರು. ಅಚ್ಚು ಷಾಸಿಗೆ ಬಡಿಯದಿರಲು ಹಳೇ ಟೈರು ಕತ್ತರಿಸಿ ದಿಂಬು ಮಾಡಿದರು. ಕೊನೆಗೆ ಮುಂದಿನ ಅಚ್ಚಿಗೂ ಕಮಾನಿಗೂ ನಡುವೆ ಎರಡು ಕಬ್ಬಿಣದ ಬೆಣೆ, ದಪ್ಪನೆಯ ತುದಿ ಹಿಂದಕ್ಕೆ. ಹೋದ ಒಂದು ಡಿಗ್ರಿ ವಾಪಸು ಬಂತು! ಯು ಬೋಲ್ಟ್ ಬಿಗಿದು, "ಒಂದು ಲೋಡ್ ಹೊಡ್ಕೊಂಡ್ ಬನ್ನಿ, ಮತ್ತೆ ಬಿಗೀತೀನಿ. ಬಿಗೀದೆ ಓಡ್ಸಿದ್ರೆ ನಡು ಬೋಲ್ಟ್ ಕಟ್ಟಾಗ್ತದೆ" ಅಂದರು. ಹೊರಡುವಾಗ ಇನ್ನೂ ಎರಡು ಮಾತು ಹೇಳಿದರು: ಲೋಡು ಕಮ್ಮಿ ಮಾಡಿ, ಬ್ಲೇಡಿಗೆ ಯಾವತ್ತೂ ವೆಲ್ಡಿಂಗ್ ಮಾಡಿಸಬೇಡಿ.

ಲಾರಿ ನಾಲ್ಕು ವರ್ಷ ಚೆನ್ನಾಗಿ ಓಡಿತು. ಮಾವ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ತೋರಿಸುತ್ತಿದ್ದರು. ಲೋಡು ಮಾತ್ರ ಕಮ್ಮಿಯಾಗಲಿಲ್ಲ.

1993ರಲ್ಲಿ ಒಂದು ರಾತ್ರಿ ಕಲ್ಲು ಹೇರಿಕೊಂಡು ಹೋಗುವಾಗ ಕೃಷ್ಣಗಿರಿ ದಾಟಿ ಚಹಾಕ್ಕೆ ನಿಲ್ಲಿಸಿದ್ದಾರೆ. ಕ್ಲೀನರ್ ಅಣ್ಣ ಟಾರ್ಚ್ ಬಿಟ್ಟು ನೋಡಿದಾಗ ಮುಂದಿನ ಎಡಗಡೆ ತಾಯಿ ಬ್ಲೇಡಿನ ಕಣ್ಣಿನ ಹತ್ತಿರ ಸೀಳು. ಅವನು "ಬೇಡ ಮಾಲೀಕ್ರೇ, ಬೆಳಿಗ್ಗೆ ಹೊಸೂರಿಂದ ಬ್ಲೇಡ್ ತರ್ತೀನಿ" ಅಂದನಂತೆ. ಕಲ್ಲು ಬೆಳಿಗ್ಗೆಯೇ ಸೇಲಂ ಸೇರಬೇಕಿತ್ತು. ರಸ್ತೆ ಬದಿಯ ಒಂದು ಅಂಗಡಿಯಲ್ಲಿ ವೆಲ್ಡಿಂಗ್ ಮಾಡಿಸಿದರು. ಸೇಲಂವರೆಗೆ ಹೋದರೆ ಸಾಕು ಅಂತ.

ಸ್ಪ್ರಿಂಗ್ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಅರ್ಧದಿಂದ ಮುಕ್ಕಾಲರ ಒಳಗೆ ಇರುತ್ತದೆ. ಬೆಸುಗೆಯ ಬಿಸಿಗೆ ಕಾದು ಒಮ್ಮೆಲೇ ತಣ್ಣಗಾದರೆ ಅದರ ಪಕ್ಕದ ಲೋಹ ಗಾಜಿನಂತೆ ಗಡುಸಾಗುತ್ತದೆ. ನೋಡಲು ಗಟ್ಟಿ, ಬಾಗಿಸಿದರೆ ಟಣ್ ಎಂದು ಮುರಿಯುತ್ತದೆ. ಮುರಿದದ್ದು ತೊಪ್ಪೂರು ಘಾಟಿಯ ಇಳಿಜಾರಿನಲ್ಲಿ. ತಾಯಿ ಬ್ಲೇಡಿನ ಕಣ್ಣು ಹೋದರೆ ಆ ಕಡೆಯ ಅಚ್ಚನ್ನು ಹಿಡಿಯುವವರೇ ಇಲ್ಲ; ಎಡ ಚಕ್ರ ಹಿಂದಕ್ಕೆ ಸರಿಯಿತು, ಲಾರಿ ಎಡಕ್ಕೆ ಎಳೆಯಿತು. ಪುಣ್ಯಕ್ಕೆ ಅಲ್ಲಿ ಬಂಡೆ ಇತ್ತು, ಕಣಿವೆ ಇರಲಿಲ್ಲ. ಎಡಗಡೆ ಕೂತಿದ್ದ ಕ್ಲೀನರ್ ಅಣ್ಣನ ಕಾಲು ಮೊಣಕಾಲಿನ ಕೆಳಗೆ ಹೋಯಿತು. ಅವನಿಗೆ ಆಗ ಹತ್ತೊಂಬತ್ತು.

ಮಾವ ಲಾರಿ ಮಾರಿ ಬಂದ ಹಣದಲ್ಲಿ ಅವನಿಗೊಂದು ಚಹಾ ಅಂಗಡಿ ಹಾಕಿಸಿಕೊಟ್ಟರು. ಕೊನೆಯವರೆಗೂ ದಿನಾ ಸಂಜೆ ಅಲ್ಲಿಯೇ ಹೋಗಿ ಚಹಾ ಕುಡಿಯುತ್ತಿದ್ದರು. ಅಣ್ಣ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ, ಮಾವ ಗಲ್ಲಾದ ಮೇಲೆ ಇಟ್ಟು ಬರುತ್ತಿದ್ದರು. ಆ ರಾತ್ರಿಯ ಮಾತು ಇಬ್ಬರ ಬಾಯಲ್ಲೂ ನಾನು ಕೇಳಿದ್ದಿಲ್ಲ. ಮೇಲೆ ಬರೆದದ್ದೆಲ್ಲ ನಮ್ಮ ಅತ್ತೆ ಹೇಳಿದ್ದು.

ಆಮೇಲೆ ಕಾಲ ಬದಲಾಯಿತು. ಹೆಚ್ಚುವರಿ ಲೋಡಿಗೆ ರಾಜ್ಯಗಳು ದುಡ್ಡು ಕಟ್ಟಿಸಿಕೊಂಡು ಅನುಮತಿ ಕೊಡುವುದನ್ನು 2005ರಲ್ಲಿ ಸುಪ್ರೀಂ ಕೋರ್ಟು ತಪ್ಪೆಂದಿತು. 2018ರಲ್ಲಿ ಸರ್ಕಾರವೇ ಮಿತಿ ಏರಿಸಿ, ಎರಡು ಅಚ್ಚಿನ ಲಾರಿಯ ಒಟ್ಟು ತೂಕ 16.2 ಟನ್ ಇದ್ದದ್ದನ್ನು 18.5 ಟನ್ ಮಾಡಿತು. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಬದಲಾಯಿಸಬಾರದೆಂದು 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮಾವ ಹಾಕಿಸಿದ ದಪ್ಪ ಬ್ಲೇಡು ಇದಕ್ಕೆ ಖಂಡಿತ ವಿರುದ್ಧ. ಭಾಯ್ ಹಾಕಿದ ಬೆಣೆ? ಅದು ಕಂಪನಿ ಕೊಟ್ಟಿದ್ದ ಓರೆಯನ್ನೇ ವಾಪಸು ತಂದದ್ದಲ್ಲವೇ ಎಂದು ನಾನು ವಾದಿಸುತ್ತೇನೆ. ಆರ್‌ಟಿಓ ಆಫೀಸಿನಲ್ಲಿರುವ ನನ್ನ ಸ್ನೇಹಿತ ಒಪ್ಪುವುದಿಲ್ಲ.

ಈಚಿನ ಎಷ್ಟೋ ಲಾರಿಗಳಲ್ಲಿ ಹತ್ತು ಬ್ಲೇಡಿನ ಕಂತೆಯೇ ಇಲ್ಲ. ನಡುವೆ ದಪ್ಪ, ತುದಿಗೆ ಹೋಗುತ್ತಾ ತೆಳುವಾಗುವ ಎರಡು ಮೂರು ಬ್ಲೇಡು ಮಾತ್ರ, ಪ್ಯಾರಾಬೋಲಿಕ್ ಅನ್ನುತ್ತಾರೆ. ತೂಕ ಕಮ್ಮಿ, ಉಜ್ಜಾಟ ಕಮ್ಮಿ, ಹಾಗಾಗಿ ಷಾಕ್ ಅಬ್ಸಾರ್ಬರ್ ಚೆನ್ನಾಗಿರಲೇಬೇಕು. ಅದನ್ನು ಸುತ್ತಿಗೆಯಿಂದ ಬಡಿದು ಸರಿ ಮಾಡಲಾಗುವುದಿಲ್ಲ, ಹೊಸದು ತಂದು ಹಾಕಬೇಕು. ಭಾಯ್ ತೀರಿಹೋದರು. ಅವರ ಕುಲುಮೆ ಇದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ. ನಮ್ಮ ಹಳ್ಳಿ ಕಡೆಯ ಕಮ್ಮಾರರು ಗುಜರಿಯಿಂದ ಹಳೇ ಬ್ಲೇಡು ತಂದು ಮಚ್ಚು, ಕುಡುಗೋಲು, ಕೊಡಲಿ ಮಾಡುತ್ತಾರೆ. ಬ್ಲೇಡಿನ ಮಚ್ಚು ಅಂದರೆ ಸಂತೆಯಲ್ಲಿ ಇವತ್ತಿಗೂ ನಾಲ್ಕು ಕಾಸು ಹೆಚ್ಚು.

ಹುಡುಗ ತಂದಿದ್ದ ಪಟ್ಟಿಯನ್ನು ತೊಳೆದು, ಎಣ್ಣೆ ಹಚ್ಚಿ ವಿಜ್ಞಾನದ ಬೀರುವಿನಲ್ಲಿ ಇಟ್ಟಿದ್ದೆ, ಚೀಟಿ ಬರೆದು ಅಂಟಿಸಿ ಕೂಡ. ಮರುವಾರ ಅವನು ಮುಖ ಸಣ್ಣ ಮಾಡಿಕೊಂಡು ಬಂದ. "ಸಾರ್, ಅದನ್ನ ವಾಪಸ್ ಕೊಡಬೇಕಂತೆ. ಅಪ್ಪ ಟೈರ್ ಬಿಚ್ಚೋಕೆ ಅದನ್ನೇ ಇಟ್ಕೊಂಡಿದ್ರು, ಬೈದ್ರು." ಕೊಟ್ಟು ಕಳಿಸಿದೆ. ಚೀಟಿ ಇನ್ನೂ ಬೀರುವಿನಲ್ಲೇ ಇದೆ.